ಅತ್ತೆಯ ಸಹಿ, ಸಾಹೇಬರ ಗಡ್ಡ

ಬ್ಯಾಂಕು ಬಾಗಿಲು ಹಾಕಿಕೊಂಡು ಹೋಗುವಾಗ ಗಾಜಿನ ಮೇಲೊಂದು ಕಾಗದ ಅಂಟಿಸಿ ಹೋಯಿತು. ‘ನಿಮ್ಮ ಶಾಖೆ ಮುಚ್ಚಿಲ್ಲ, ನಿಮ್ಮ ಫೋನಿನೊಳಗೆ ಬಂದಿದೆ’ ಎಂದು ಅದರಲ್ಲಿ ಬರೆದಿತ್ತು. ಬರೆದ ಪುಣ್ಯಾತ್ಮ ಯಾರೋ, ಒಮ್ಮೆ ಬಂದು ನೋಡಬೇಕಿತ್ತು. ಫೋನಿನೊಳಗೆ ಹೋಗಿದ್ದು ನೌಕರರು ಮತ್ತು ಗೋಡೆ ಗಡಿಯಾರ ಮಾತ್ರ. ಮಿಕ್ಕಿದ್ದೆಲ್ಲ ಇದ್ದಲ್ಲೇ ಇತ್ತು: ಕ್ಯಾಷ್ ಕೌಂಟರಿನ ಗಾಜು, ಗಾಜಿಗೆ ಅರ್ಧಚಂದ್ರದ ಕಿಂಡಿ, ಕಿಂಡಿಯ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ನು, ಹಿಂದೆ ಆನೆ ತಳ್ಳಿದರೂ ಅಲುಗದ ತಿಜೋರಿ ಕೋಣೆ.

ಆ ಕಟ್ಟಡವನ್ನು ಬಾಡಿಗೆಗೆ ಹಿಡಿದವನು ಒಬ್ಬ ಕ್ಷೌರಿಕ. ರಸ್ತೆ ಅಗಲ ಮಾಡುವಾಗ ಅವನ ಹಳೇ ಅಂಗಡಿ ನೆಲಸಮವಾಗಿತ್ತು. ಬಾಡಿಗೆ ಕಡಿಮೆ ಎಂದು ಹಿಂದೆಮುಂದೆ ನೋಡದೆ ಕರಾರಿಗೆ ಸಹಿ ಹಾಕಿದ. ಆಮೇಲೆ ಓದಿದ. ಬ್ಯಾಂಕಿನ ವಕೀಲರು ಅದರಲ್ಲಿ ಒಂದು ಮಾತು ಸೇರಿಸಿದ್ದರು: ಒಳಗಿನ ಯಾವ ಸಾಮಾನನ್ನೂ ಕದಲಿಸಕೂಡದು, ಯಾವ ತಂತಿಯನ್ನೂ ಕೀಳಕೂಡದು, ಗೋಡೆಗೆ ಮೊಳೆ ಹೊಡೆಯಕೂಡದು, ಹೊರಗಿನ ಬೋರ್ಡು ಇಳಿಸಕೂಡದು. ಏಕೆಂದರೆ ಕಡತದ ಪ್ರಕಾರ ಶಾಖೆ ಇನ್ನೂ ‘ಮುಚ್ಚುವ ಹಂತದಲ್ಲಿ’ ಇತ್ತು, ಮುಚ್ಚಿರಲಿಲ್ಲ. ಮುಚ್ಚಿದೆ ಎಂದು ಬರೆಯಬೇಕಾದ ವಿಭಾಗವೇ ಮುಚ್ಚಿಹೋಗಿತ್ತಂತೆ.

ಹೀಗಾಗಿ ಕ್ಷೌರಿಕ ಕನ್ನಡಿ ತೂಗುಹಾಕುವಂತಿರಲಿಲ್ಲ. ಕೌಂಟರಿನ ಗಾಜಿನ ಹಿಂದೆ ಕಪ್ಪು ಬಟ್ಟೆ ಕಟ್ಟಿ ಅದನ್ನೇ ಕನ್ನಡಿ ಮಾಡಿಕೊಂಡ. ಅದರ ಮುಂದೆ ಕೂತವರಿಗೆ ಕಿಂಡಿ ಇದ್ದ ಜಾಗದಲ್ಲಿ ತಮ್ಮ ಗದ್ದ ಕಾಣುತ್ತಿರಲಿಲ್ಲ. ಗದ್ದ ನನ್ನ ಜವಾಬ್ದಾರಿ ಎಂದು ಇವನು ಸಮಾಧಾನ ಹೇಳುತ್ತಿದ್ದ. ತಿಜೋರಿಯಲ್ಲಿ ಒಗೆದ ಟವೆಲ್ಲುಗಳನ್ನು ಮಡಿಸಿಟ್ಟು ಬೀಗ ಹಾಕುತ್ತಿದ್ದ. ಬಾಗಿಲ ಬಳಿ ಒಂದು ಕಂಬ, ಅದರ ತಲೆಯ ಮೇಲೊಂದು ಡಬ್ಬಿ. ಡಬ್ಬಿಯಲ್ಲಿ ಮೂರು ಗುಂಡಿ. ಒಂದರಲ್ಲಿ ನಗುವ ಮುಖ, ಒಂದರಲ್ಲಿ ಸುಮ್ಮನಿರುವ ಮುಖ, ಒಂದರಲ್ಲಿ ಸಿಡುಕು ಮುಖ. ‘ನಮ್ಮ ಸೇವೆ ಹೇಗಿತ್ತು?’ ಎಂದು ಕೇಳುತ್ತಿದ್ದ ಆ ಡಬ್ಬಿಯ ತಂತಿಯನ್ನೂ ಅವನು ಕೀಳಲಿಲ್ಲ. ಅದರ ಪಾಡಿಗೆ ಅದು ಹಸಿರು ದೀಪ ಮಿನುಗಿಸುತ್ತ ನಿಂತಿತ್ತು.

ಅಂಗಡಿ ತೆರೆದ ದಿನ ಮೊದಲು ಒಳಗೆ ಬಂದವಳು ತರಕಾರಿಯವಳು. ಚಿಲ್ಲರೆಯ ಚೀಲವನ್ನು ಧೊಪ್ಪನೆ ಕೌಂಟರಿನ ಮೇಲಿಟ್ಟಳು.

“ಅಕ್ಕಾ, ಇದು ಈಗ ಕಟಿಂಗ್ ಶಾಪು,” ಅಂದ ಇವನು.

“ಕಾಣ್ತಿದೆಯಪ್ಪಾ, ನಾನೇನು ಕುರುಡೀನಾ? ಇದನ್ನ ಕಟ್ಕೋ.”

“ಕಟ್ಕೊಂಡು ಏನ್ಮಾಡ್ಲಿ?”

“ಹಿಂದಿನವರು ಏನ್ಮಾಡ್ತಿದ್ರು? ಅದನ್ನೇ ಮಾಡು.”

ಅವಳ ಹಿಂದೆಯೇ ನಿವೃತ್ತ ಗುಮಾಸ್ತರು ಬಂದರು. ಬ್ಯಾಂಕಿನಲ್ಲಿ ಜಗಳ ಆಡದಿದ್ದರೆ ತಿಂದದ್ದು ಅರಗದ ಮನುಷ್ಯ. ಪಿಂಚಣಿ ಬಂದರೆ ಬಡ್ಡಿ ಎಲ್ಲಿ ಎನ್ನುತ್ತಿದ್ದರು, ಬಡ್ಡಿ ಬಂದರೆ ಇಷ್ಟೇ ಯಾಕೆ ಎನ್ನುತ್ತಿದ್ದರು. ಫೋನಿನ ಜೊತೆ ಜಗಳ ಆಡಿ ನೋಡಿದ್ದರಂತೆ. “ಒಂದು ಒತ್ತಿ, ಎರಡು ಒತ್ತಿ ಅನ್ನುತ್ತೆ. ಅದಕ್ಕೆ ಮಾನ ಮರ್ಯಾದೆ ಇಲ್ಲ, ಬೈದರೆ ನೋವೂ ಆಗಲ್ಲ,” ಎಂದು ಕುರ್ಚಿಯಲ್ಲಿ ಕುಕ್ಕರಿಸಿದರು. ಅವರ ಹಿಂದೆ ಕಿವಿ ಕೇಳದ ಬಡಗಿ. ಬ್ಯಾಂಕಿನವರು ಗುಟ್ಟಿನ ಅಂಕಿಯನ್ನು ಫೋನ್ ಮಾಡಿ ಹೇಳುತ್ತಾರೆ. ಅವನು ಫೋನನ್ನು ಕಿವಿಗೆ ಹಿಡಿದು ಮರ್ಯಾದೆಯಿಂದ ತಲೆ ಆಡಿಸಿ ಇಟ್ಟುಬಿಡುತ್ತಾನೆ.

ಕ್ಷೌರಿಕ ಮೊದಮೊದಲು ಎಲ್ಲರನ್ನೂ ಗದರಿಸಿ ಕಳಿಸಿದ. ಕಳಿಸಿದವರು ಮಾರನೇ ದಿನ ಮತ್ತೆ ಬಂದರು. ಬೆಂಚು ತುಂಬ ಜನ, ಕೂದಲು ಕತ್ತರಿಸಿಕೊಳ್ಳಲು ಒಬ್ಬನೂ ಇಲ್ಲ. ಹೊಟ್ಟೆಪಾಡಿನ ಪ್ರಶ್ನೆ. ಕೊನೆಗೆ ಅವನು ರಟ್ಟಿನ ಮೇಲೆ ಬರೆದು ಕಿಂಡಿಗೆ ಒರಗಿಸಿಟ್ಟ: ‘ಬ್ಯಾಂಕ್ ಕೆಲಸ ಇದ್ದವರು ಮೊದಲು ಗಡ್ಡ ಮಾಡಿಸಿಕೊಳ್ಳತಕ್ಕದ್ದು.’

ಇದರಿಂದ ಜನ ತಪ್ಪಿಸಿಕೊಂಡು ಓಡುತ್ತಾರೆ ಎಂದುಕೊಂಡಿದ್ದ. ಬ್ಯಾಂಕಿನ ನಿಯಮ ಎಂದರೆ ನಿಯಮ ಎಂದು ಅವರು ಸಾಲಾಗಿ ಕೂತರು. ಗುಮಾಸ್ತರು ದಿನಾ ಬಂದು ದಿನಾ ಬೋಳಿಸಿಕೊಂಡು ಅವರ ಕೆನ್ನೆ ತಾಮ್ರದ ಚೊಂಬಿನ ಹಾಗೆ ಹೊಳೆಯತೊಡಗಿತು. ತರಕಾರಿಯವಳು ತನ್ನ ಪಾಲಿನ ಗಡ್ಡಕ್ಕೆ ಗಂಡನನ್ನು ಎಳೆದು ತಂದಳು. ಅವನ ಮುಖದಲ್ಲಿ ಕೂದಲು ಮುಗಿದಾಗ ತಲೆ, ತಲೆ ಮುಗಿದಾಗ ಮೈದುನ.

ಇಷ್ಟಾದ ಮೇಲೆ ಅವರ ಬ್ಯಾಂಕ್ ಕೆಲಸ ಏನು ಮಾಡಿಕೊಡುತ್ತಿದ್ದ? ಏನೂ ಇಲ್ಲ. ಕೌಂಟರಿನ ಹಿಂದೆ ಹೋಗಿ ಕೂತು, ಕಿಂಡಿಗೆ ಬಾಯಿಟ್ಟು, “ಸರ್ವರ್ ಡೌನು, ಊಟ ಆದ್ಮೇಲೆ ಬನ್ನಿ,” ಅನ್ನುತ್ತಿದ್ದ. ಜನಕ್ಕೆ ಎಷ್ಟು ಸಮಾಧಾನವಾಗುತ್ತಿತ್ತೆಂದರೆ, ಕೆಲವರಿಗೆ ಕಣ್ಣಲ್ಲಿ ನೀರು ಬಂತು. ಎಷ್ಟು ದಿನವಾಗಿತ್ತು ಒಬ್ಬ ಮನುಷ್ಯನ ಬಾಯಿಂದ ಆ ಮಾತು ಕೇಳಿ! ಯಾರದೋ ಫೋನಿಗೆ ‘ನಿಮ್ಮ ಖಾತೆ ಸ್ಥಗಿತವಾಗಲಿದೆ, ಕೂಡಲೇ ಇಲ್ಲಿ ಒತ್ತಿ’ ಎಂದು ಬಂದರೆ ತೋರಿಸುತ್ತಿದ್ದರು. ಅವನು ಓದಿ, “ಅವಸರ ಮಾಡ್ತಿದ್ದಾನೆ ಅಂದ್ಮೇಲೆ ಇವನು ಬ್ಯಾಂಕಿನವನಲ್ಲ. ಬ್ಯಾಂಕಿನವರು ಯಾವತ್ತಾದ್ರೂ ಅವಸರ ಮಾಡಿದ್ದಿದೆಯಾ?” ಅನ್ನುತ್ತಿದ್ದ. ಅದು ಸರಿಯಾಗಿಯೇ ಇರುತ್ತಿತ್ತು. ಜನ ಅವನನ್ನು ‘ಮ್ಯಾನೇಜ್ರೇ’ ಎಂದು ಕರೆಯಲು ಶುರು ಮಾಡಿದರು. ಹೊರಗೆ ಹೋಗುವಾಗ ಡಬ್ಬಿಯ ನಗುವ ಮುಖವನ್ನು ಒತ್ತಿ ಹೋಗುತ್ತಿದ್ದರು. ಹೊಸದಾಗಿ ಗಡ್ಡ ಮಾಡಿಸಿಕೊಂಡ ಮುಖಕ್ಕೆ ಸಿಡುಕು ಅಷ್ಟು ಬೇಗ ಬರುವುದಿಲ್ಲ.

ಎಲ್ಲರಿಗೂ ಸಮಾಧಾನ ಹೇಳುತ್ತಿದ್ದ ಈ ಮ್ಯಾನೇಜರಿಗೆ ತನ್ನ ಮನೆಯವಳ ಕೆಲಸ ಮಾತ್ರ ಮಾಡಿಕೊಡಲು ಆಗಿರಲಿಲ್ಲ. ಮನೆಯವಳೆಂದರೆ ಸೋದರತ್ತೆ. ಅಪ್ಪ ಅಮ್ಮ ಹೋದ ಮೇಲೆ ಇವನನ್ನು ಎತ್ತಿ ಸಾಕಿದವಳು. ಹರಿದ ಬಟ್ಟೆಗೆ ರಫು ಹಾಕುವುದು ಅವಳ ಕಸುಬು. ಕೋಟಿನಲ್ಲಿ ಹೆಬ್ಬೆರಳು ತೂರುವಷ್ಟು ತೂತಿದ್ದರೂ ಎಳೆಗೆ ಎಳೆ ಸೇರಿಸಿ ಮುಚ್ಚಿದರೆ ಕೊಟ್ಟವರಿಗೇ ತೂತು ಎಲ್ಲಿತ್ತೆಂದು ತಿಳಿಯುತ್ತಿರಲಿಲ್ಲ. ಕೆಲವರು ರಫು ಹಾಕೇ ಇಲ್ಲವೆಂದು ಜಗಳಕ್ಕೆ ಬಂದದ್ದೂ ಉಂಟು. ಆ ಕಣ್ಣಿಗೆ ಈಗ ಪೊರೆ ಬಂದಿತ್ತು. “ಗಟ್ಟಿಯಾಗ್ತಾ ಇದೆ. ಬೇಗ ತೆಗೆಸಿದ್ರೆ ಕಣ್ಣು ಬರುತ್ತೆ, ತಡ ಮಾಡಿದ್ರೆ ನನ್ನನ್ನ ಕೇಳಬೇಡಿ,” ಎಂದಿದ್ದರು ಡಾಕ್ಟರು. ಕ್ಷೌರಿಕನ ಕೈಲಿದ್ದುದೆಲ್ಲ ಅಂಗಡಿಗೆ ಹೋಗಿತ್ತು. ಅತ್ತೆಯ ದುಡ್ಡು ಅತ್ತೆಯ ಹೆಸರಿನಲ್ಲೇ ಬ್ಯಾಂಕಿನಲ್ಲಿ ಭದ್ರವಾಗಿತ್ತು. ಎಷ್ಟು ಭದ್ರವೆಂದರೆ ಅತ್ತೆಗೂ ಸಿಗುತ್ತಿರಲಿಲ್ಲ.

ಶಾಖೆ ಇದ್ದಾಗ ಕ್ಯಾಷಿಯರಮ್ಮ ಅತ್ತೆಯ ಕೈ ಹಿಡಿದು ಪೆನ್ನನ್ನು ಗೆರೆಯ ಮೇಲಿಡುತ್ತಿದ್ದಳು. ಸಹಿ ಗೆರೆ ಬಿಟ್ಟು ಬೆಟ್ಟ ಹತ್ತಿದರೂ, “ನೀವೇ ಅಂತ ನನಗೆ ಕಾಣಲ್ವಾ?” ಎಂದು ಪಕ್ಕದಲ್ಲಿ ತಾನೊಂದು ಗುರುತು ಹಾಕುತ್ತಿದ್ದಳು. ಅವಳಿಗೆ ಬೇರೆಲ್ಲಿಗೋ ವರ್ಗವಾಯಿತು. ಈಗ ಸಹಿ ಮಾಡಿದ ಚೀಟಿಯನ್ನು ಅಂಚೆಯಲ್ಲಿ ಪ್ರಧಾನ ಕಚೇರಿಗೆ ಕಳಿಸಬೇಕು. ಕಳಿಸಿದ ಚೀಟಿ ‘ಸಹಿ ತಾಳೆಯಾಗಿಲ್ಲ’ ಎಂದು ಸೀಲು ಬಡಿಸಿಕೊಂಡು ವಾಪಸು ಬರುತ್ತಿತ್ತು. ಇಲ್ಲವೇ ಫೋನಿಗೆ ಮುಖ ತೋರಿಸಬೇಕು. ಅದನ್ನೂ ಮಾಡಿದ್ದರು. ‘ಮುಖವನ್ನು ವೃತ್ತದೊಳಗೆ ತನ್ನಿ, ಹಸಿರಾದಾಗ ಕಣ್ಣು ಮಿಟುಕಿಸಿ’ ಎಂದಿತು ಫೋನು.

“ವೃತ್ತ ಎಲ್ಲಿದೆಯೋ?” ಅಂದಳು ಅತ್ತೆ.

ಅವನು ಕಟಿಂಗಿಗೆ ತಲೆ ತಿರುಗಿಸುವ ಹಾಗೆ ಎರಡೂ ಕೈಯಲ್ಲಿ ಅವಳ ತಲೆ ಹಿಡಿದು ವೃತ್ತಕ್ಕೆ ತಂದ. ಹಸಿರಾದದ್ದು ಅವಳಿಗೆ ಕಾಣಲಿಲ್ಲ. ‘ನಿಮ್ಮ ಗುರುತು ಸಿಗಲಿಲ್ಲ’ ಎಂದಿತು ಫೋನು.

“ಗುರುತು ಸಿಗದಿದ್ರೆ ಪರಿಚಯ ಮಾಡ್ಕೊಳ್ಳಪ್ಪಾ, ಅದಕ್ಕೇನಂತೆ!” ಅಂದಳು ಅತ್ತೆ. ಅದು ಪರಿಚಯ ಮಾಡಿಕೊಳ್ಳಲಿಲ್ಲ.

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರಲ್ಲ, ಅದೇ ಕತೆ. ಕಣ್ಣು ಕಾಣದೆ ಸಹಿ ಕೂಡದು, ಸಹಿ ಕೂಡದೆ ದುಡ್ಡು ಬಾರದು, ದುಡ್ಡು ಬಾರದೆ ಕಣ್ಣು ಕಾಣದು. ಅತ್ತೆ ದಿನಾ ಬೆಳಗ್ಗೆ ಕ್ಷೌರಿಕನ ಭುಜ ಹಿಡಿದು ಅಂಗಡಿಗೆ ಬಂದು, ಬೆಂಚಿನ ತುದಿಯಲ್ಲಿ ಕೂತು, ತನ್ನ ಸರದಿ ಬಂದಾಗ ಕೌಂಟರ್ ತಡವಿ ಕೇಳುತ್ತಿದ್ದಳು: “ಬಂತೇನೋ?”

“ಸರ್ವರ್ ಡೌನು ಅತ್ತೆ.”

“ಊಟ ಆದ್ಮೇಲೆ ಬರ್ತೀನಿ ಬಿಡು,” ಎಂದು ಮತ್ತೆ ಅದೇ ಬೆಂಚಿಗೆ ಹೋಗುತ್ತಿದ್ದಳು. ಎಲ್ಲರಿಗೂ ಸಲೀಸಾಗಿ ಹೇಳುತ್ತಿದ್ದ ಆ ಮಾತು ಅವಳಿಗೆ ಹೇಳುವಾಗ ಮಾತ್ರ ಅವನು ಕಿಂಡಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ಅಂಗಡಿ ಮುಂದೆ ಕಾರು ನಿಂತಿತು. ಇಳಿದವರು ಪ್ರಧಾನ ಕಚೇರಿಯ ಸಾಹೇಬರು. ರಾತ್ರಿಯೆಲ್ಲ ಪ್ರಯಾಣ ಮಾಡಿ ಗಡ್ಡ ಕುರುಚಲಾಗಿತ್ತು. ಕಂಕುಳಲ್ಲಿ ಫಳಫಳ ಹೊಳೆಯುವ ಒಂದು ಶೀಲ್ಡು. “ಶಾಖಾ ವ್ಯವಸ್ಥಾಪಕರು ಎಲ್ಲಿ?” ಅಂದರು.

“ಸಾಲಲ್ಲಿ ಬನ್ನಿ ಸ್ವಾಮಿ,” ಅಂದರು ಗುಮಾಸ್ತರು.

ವಿಷಯ ಇಷ್ಟು. ಆ ಮೂರು ಮುಖದ ಡಬ್ಬಿ ದಿನಾ ಜನರ ಅಭಿಪ್ರಾಯವನ್ನು ಪ್ರಧಾನ ಕಚೇರಿಗೆ ಕಳಿಸುತ್ತಲೇ ಇತ್ತು. ವರ್ಷದ ಲೆಕ್ಕ ತೆಗೆದಾಗ ಎಲ್ಲ ಶಾಖೆಗಳಿಗಿಂತ ಹೆಚ್ಚು ನಗುವ ಮುಖ ಬಂದದ್ದು ಈ ಶಾಖೆಗೆ. ಸಿಡುಕು ಮುಖ ಒಂದೂ ಇಲ್ಲ. ಹಿರಿಯ ಸಾಹೇಬರು ಹಿಗ್ಗಿ ಹೀರೇಕಾಯಾಗಿ, ಮ್ಯಾನೇಜರಿಗೆ ಶೀಲ್ಡು ಕೊಟ್ಟು ಮಧ್ಯಾಹ್ನದೊಳಗೆ ಫೋಟೋ ಕಳಿಸಿ ಎಂದು ಇವರನ್ನು ಅಟ್ಟಿದ್ದರು. ಈ ಶಾಖೆ ಮುಚ್ಚಿದೆ ಎಂಬುದು ಅಲ್ಲಿ ಯಾರಿಗೂ ನೆನಪಿರಲಿಲ್ಲ.

ಸಾಹೇಬರು ಕತ್ತರಿ, ಸೋಪು, ನೆಲದ ಮೇಲಿನ ಕೂದಲು, ಕೊನೆಗೆ ರಟ್ಟಿನ ಬರಹ ನೋಡಿದರು. ಮುಖ ಬಿಳುಚಿತು. ಬರಿಗೈಲಿ ವಾಪಸು ಹೋದರೆ ಹಿರಿಯ ಸಾಹೇಬರು ಸುಮ್ಮನೆ ಬಿಡುವವರಲ್ಲ.

“ಹೇಗೂ ಫೋಟೋ ತೆಗೀಬೇಕು,” ಎಂದು ನಿಟ್ಟುಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. “ಬೇಗ ಮಾಡಪ್ಪಾ.”

ಕ್ಷೌರಿಕ ಬಲಗೆನ್ನೆ ಮುಗಿಸಿದ. ಅದು ನುಣ್ಣಗೆ ಬೆಣ್ಣೆಯಂತಾಯಿತು. ಎಡಗೆನ್ನೆಗೆ ನೊರೆ ಹಚ್ಚಿ ಕತ್ತಿ ಎತ್ತಿದವನಿಗೆ ಗಾಜಿನಲ್ಲಿ ಬೆಂಚಿನ ತುದಿ ಕಂಡಿತು. ಅತ್ತೆ ಕೂತಿದ್ದಳು, ಮಂಜಾದ ಕಣ್ಣನ್ನು ಸದ್ದು ಬಂದ ಕಡೆಗೆ ತಿರುಗಿಸಿಕೊಂಡು. ಅವನ ಕೈ ನಿಂತಿತು. ಕತ್ತಿಯನ್ನು ಒರೆಸಿ ಮಡಚಿದ. ಕೌಂಟರಿನ ಹಿಂದೆ ಹೋಗಿ ಕೂತು, ಕಿಂಡಿಗೆ ಬಾಯಿಟ್ಟ.

“ಸರ್ವರ್ ಡೌನು ಸಾರ್. ಊಟ ಆದ್ಮೇಲೆ ಬನ್ನಿ.”

“ಏನು ತಮಾಷೆ ಇದು! ಅರ್ಧ ಗಡ್ಡ ಇಟ್ಕೊಂಡು ಎಲ್ಲಿಗೆ ಹೋಗ್ಲಿ?”

“ನಮ್ಮತ್ತೆ ಅರ್ಧ ಕಣ್ಣು ಇಟ್ಕೊಂಡು ಎಲ್ಲಿಗೆ ಹೋಗ್ಬೇಕು ಸಾರ್?” ಅಂದ ಕ್ಷೌರಿಕ. ಎಲ್ಲವನ್ನೂ ಹೇಳಿದ.

ಸಾಹೇಬರು ಕೆಟ್ಟವರಲ್ಲ, ನಿಯಮದವರು. “ನೋಡಪ್ಪಾ, ಸಹಿ ತಾಳೆ ಆಗದಿದ್ರೆ ಹೊಸ ಮಾದರಿ ಸಹಿ ತಗೋಬಹುದು. ಆದ್ರೆ ಖಾತೆದಾರರನ್ನ ಶಾಖೆಯೊಳಗೇ ಗುರುತಿಸಬೇಕು. ಇಲ್ಲಿ ಶಾಖೆ ಎಲ್ಲಿದೆ?”

“ಶಾಖೆ ಇಲ್ವಾ? ಹಾಗಾದ್ರೆ ಶೀಲ್ಡು ಯಾರಿಗೆ ತಂದ್ರಿ?”

ಸಾಹೇಬರು ಶೀಲ್ಡಿನ ಕಡೆ ನೋಡಿದರು. ಎಡಗೆನ್ನೆಯ ನೊರೆ ಒಣಗಿ ಬಿರುಕು ಬಿಡುತ್ತಿತ್ತು. ಗುಮಾಸ್ತರಿಗೆ ಇಷ್ಟು ಒಳ್ಳೆಯ ಜಗಳ ನೋಡಿ ಎಷ್ಟೋ ಕಾಲವಾಗಿತ್ತು, ಬೆಂಚಿನಿಂದ ಎದ್ದು ಹತ್ತಿರ ಬಂದು ನಿಂತರು. ಬಡಗಿಗೆ ಏನೂ ಕೇಳಿಸದಿದ್ದರೂ ಸಾಹೇಬರ ಮುಖ ನೋಡಿಯೇ ಎಲ್ಲ ಅರ್ಥವಾಗಿತ್ತು. ಅವನು ಹೋಗಿ ಬಾಗಿಲಿಗೆ ಒರಗಿ ನಿಂತ. ಸಾಹೇಬರು ಚೀಲದಿಂದ ಟ್ಯಾಬು ತೆಗೆದರು. ಕಡತದಲ್ಲಿ ಶಾಖೆ ಇನ್ನೂ ಮುಚ್ಚುವ ಹಂತದಲ್ಲೇ ಇತ್ತು. ಒತ್ತಿದರು, ತಿದ್ದಿದರು, ಮತ್ತೆ ಒತ್ತಿದರು. ‘ಶಾಖೆ ತಾತ್ಕಾಲಿಕವಾಗಿ ತೆರೆದಿದೆ’ ಎಂದಿತು ಟ್ಯಾಬು. ‘ವ್ಯವಸ್ಥಾಪಕರ ಹೆಸರು?’ ಎಂದೂ ಕೇಳಿತು.

ಬೆಂಚಿನಲ್ಲಿದ್ದ ಎಲ್ಲರ ಬೆರಳೂ ಕ್ಷೌರಿಕನ ಕಡೆ ತಿರುಗಿತು. ಬೇರೆ ದಾರಿ ಕಾಣದೆ ಸಾಹೇಬರು ಅವನ ಹೆಸರನ್ನೇ ತುಂಬಿದರು.

ಅತ್ತೆಯನ್ನು ಕೌಂಟರಿಗೆ ಕರೆತಂದರು. ಸಾಹೇಬರು ಅರ್ಧ ಗಡ್ಡದಲ್ಲೇ ಗಂಭೀರವಾಗಿ ಓದಿದರು: “ವ್ಯವಸ್ಥಾಪಕರೇ, ಈ ಖಾತೆದಾರರನ್ನು ನೀವು ಬಲ್ಲಿರಾ?”

“ಬಲ್ಲಿರಾ ಅಂದ್ರೆ? ನನ್ನನ್ನ ಸಾಕಿದೋಳು ಸಾರ್, ನಮ್ಮತ್...”

“ತಡಿ ತಡಿ! ಸಂಬಂಧಿಕರು ಗುರುತಿಸೋ ಹಾಗಿಲ್ಲ. ಸಂಬಂಧ ಇದೆಯಾ ಅಂತಾನೇ ಮುಂದಿನ ಪ್ರಶ್ನೆ. ಯೋಚನೆ ಮಾಡಿ ಹೇಳಿ.”

ಕ್ಷೌರಿಕ ಅತ್ತೆಯ ಮುಖ ನೋಡಿದ. ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು, ಮೊದಲ ಕತ್ತರಿ ಕೊಡಿಸಲು ಕೈಬಳೆ ಮಾರಿದವಳು. ಅವಳು ತನಗೆ ಏನೂ ಅಲ್ಲ ಎಂದು ಹೇಗೆ ಹೇಳುವುದು?

ಅತ್ತೆಯೇ ಬಾಯಿಬಿಟ್ಟಳು. “ಇವನ್ಯಾರೋ ನನಗೇನು ಗೊತ್ತಪ್ಪಾ! ದಿನಾ ಬರ್ತೀನಿ, ದಿನಾ ಸರ್ವರ್ ಡೌನು ಅಂತಾನೆ. ಅಷ್ಟೇ ಸಂಬಂಧ.”

“ಹೌದು ಸಾರ್,” ಅಂದ ಕ್ಷೌರಿಕ ಕಣ್ಣೊರೆಸಿಕೊಳ್ಳುತ್ತ. “ಹಳೇ ಗಿರಾಕಿ.”

ಅತ್ತೆ ಟ್ಯಾಬಿನ ಮೇಲೆ ಬೆರಳಿನಿಂದ ಸಹಿ ಹಾಕಿದಳು. ಅದು ಎಡಗಡೆ ಶುರುವಾಗಿ, ಮಧ್ಯದಲ್ಲಿ ಹಳ್ಳಕ್ಕೆ ಬಿದ್ದು, ಕೊನೆಗೆ ಗುಡ್ಡ ಹತ್ತಿ ಮೂಲೆಯಲ್ಲಿ ಮಾಯವಾಯಿತು. “ಇದೇ ಇನ್ಮುಂದೆ ಮಾದರಿ ಸಹಿ,” ಎಂದರು ಸಾಹೇಬರು. ಆಪರೇಷನ್ನಿನ ದುಡ್ಡು ಅಲ್ಲಿಂದಲೇ ಆಸ್ಪತ್ರೆಗೆ ಹೋಯಿತು. ಕ್ಷೌರಿಕ ಎಡಗೆನ್ನೆಯನ್ನು ಎಷ್ಟು ಪ್ರೀತಿಯಿಂದ ಬೋಳಿಸಿದನೆಂದರೆ ಫೋಟೋದಲ್ಲಿ ಶೀಲ್ಡಿಗಿಂತ ಅದೇ ಹೊಳೆಯಿತು. ಕಾರು ತಿರುವು ದಾಟುವ ಮೊದಲೇ ಸಾಹೇಬರು ಶಾಖೆಯನ್ನು ಮತ್ತೆ ಮುಚ್ಚುವ ಹಂತಕ್ಕೆ ತಂದಿದ್ದರು.

ಪ್ರಧಾನ ಕಚೇರಿ ಈ ಪ್ರಸಂಗದಿಂದ ಪಾಠ ಕಲಿಯಿತು. ಮುಚ್ಚಿದ ಮೇಲೆ ಶಾಖೆಗಳು ಚೆನ್ನಾಗಿ ನಡೆಯುತ್ತವೆ ಎಂದು ಗೊತ್ತಾಗಿ, ಅಕ್ಕಪಕ್ಕದ ಊರುಗಳಲ್ಲಿ ಉಳಿದಿದ್ದ ಶಾಖೆಗಳನ್ನೂ ಮುಚ್ಚಿಸಿತು. ಬುದ್ಧಿವಂತರಿಗೆ ಬುದ್ಧಿ ಹೇಳುವವರು ಯಾರು?

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತೆ ಮೊದಲು ನೋಡಿದ್ದು ಸೋದರಳಿಯನನ್ನು. ಬಹಳ ಹೊತ್ತು ನೋಡಿದಳು. “ಯಾರೋ ಈ ಮುದುಕ?” ಅಂದಳು. ಆಮೇಲೆ ಅವನ ಕಿವಿಯ ಮೇಲಿನ ಬಿಳಿ ಕೂದಲು ಮುಟ್ಟಿ, “ಊರಿನವರ ತಲೆಯೆಲ್ಲ ನೋಡ್ತೀಯ, ನಿನ್ನ ತಲೆ ನೋಡೋರಿಲ್ಲ,” ಎಂದು ಅತ್ತಳು. ಹೊಸ ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರು. ಇಬ್ಬರೂ ಕೇಳಲಿಲ್ಲ.

ಅಂಗಡಿಯಲ್ಲಿ ಕ್ಯಾಷ್ ಕೌಂಟರಿನ ಒಳಗೆ ಅವಳಿಗೆ ಜಾಗ ಸಿಕ್ಕಿತು. ಗಡ್ಡಕ್ಕೆ ಬಂದವರು ಹರಿದ ಕೋಟು ಕೊಟ್ಟು ಹೋಗಬಹುದು. ಆದರೆ ರಫು ಹಾಕಲು ಒಳ್ಳೆಯ ದೀಪ ಬೇಕು, ನಾನಾ ಬಣ್ಣದ ನೂಲು ಬೇಕು. ಅತ್ತೆ ತನ್ನ ದುಡ್ಡಿಗೆ ತಾನೇ ಚೀಟಿ ಬರೆದಳು. ಸಹಿ ಹಾಕಿ ದೂರ ಹಿಡಿದು ನೋಡಿದಳು. ಗೆರೆಯ ಮೇಲೆ ನೆಟ್ಟಗೆ, ಮುತ್ತು ಪೋಣಿಸಿದ ಹಾಗಿತ್ತು. “ಹೇಗಿದೆ ನೋಡ್ರೋ,” ಎಂದು ಬೆಂಚಿನ ಮೇಲಿದ್ದವರಿಗೆಲ್ಲ ತೋರಿಸಿ ಅಂಚೆಗೆ ಹಾಕಿಸಿದಳು.

ಚೀಟಿ ವಾಪಸು ಬಂತು. ‘ಸಹಿ ತಾಳೆಯಾಗಿಲ್ಲ.’

ಕ್ಷೌರಿಕನ ಪಿತ್ತ ನೆತ್ತಿಗೇರಿತು. ನಾನು ಹೋಗುತ್ತೇನೆ, ಆ ಸಾಹೇಬನ ಮೀಸೆಯನ್ನೇ ತೆಗೆದು ಬರುತ್ತೇನೆ ಎಂದು ಎಗರಾಡಿದ. ತರಕಾರಿಯವಳು ಬ್ಯಾಂಕಿನ ವಂಶಕ್ಕೆಲ್ಲ ಶಾಪ ಹಾಕಿದಳು.

ಅತ್ತೆ ಇನ್ನೊಂದು ಚೀಟಿ ತೆಗೆದಳು. ಅಕ್ಷರ ಅಕ್ಷರವಾಗಿ ಬರೆದಳು. ಸಹಿಯ ಜಾಗ ಬಂದಾಗ ಪೆನ್ನು ಊರಿ, ಅಷ್ಟು ಕಷ್ಟಪಟ್ಟು ಪಡೆದ ಎರಡೂ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಕೈ ಎಡಗಡೆ ಶುರುವಾಯಿತು, ಹಳ್ಳಕ್ಕೆ ಬಿತ್ತು, ಗುಡ್ಡ ಹತ್ತಿತು.

“ಗೆರೆ ಬಿಟ್ಟಿತೇನೋ?” ಅಂದಳು, ಕಣ್ಣು ಮುಚ್ಚಿಕೊಂಡೇ.

“ಬಿಟ್ಟಿತು ಅತ್ತೆ.”

“ಚೆನ್ನಾಗಿ ಬಿಟ್ಟಿದೆಯಾ?”

“ಚೆನ್ನಾಗಿ ಬಿಟ್ಟಿದೆ.”

“ಹಾಗಾದ್ರೆ ಕಳಿಸು. ಅವರಿಗೆ ಈಗ ನನ್ನ ಗುರುತು ಸಿಗುತ್ತೆ.”

ಸಿಕ್ಕಿತು. ಆ ವಾರವೇ ದುಡ್ಡು ಬಂತು.